ಮಕ್ಕಳ ಉಬ್ಬಸಕ್ಕೆ ಎಂಜಲಿನ ಜೀನ್ ಕಿಟ್: ಕೊಟ್ಟ ದುಡ್ಡಿಗೆ ಸಿಗುವುದೇನು?

ಮಗುವಿನ ಎಂಜಲು ಕಳಿಸಿ, ಉಬ್ಬಸ ಬರುವ ಅಪಾಯ ಎಷ್ಟಿದೆ ಎಂದು ಹೇಳುತ್ತೇವೆ ಎನ್ನುವ ಜೀನ್ ಕಿಟ್‌ಗಳು ಈಗ ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಶಿಡ್ಲಘಟ್ಟದ ಮನೆ ಬಾಗಿಲಿಗೂ ಬರುತ್ತವೆ. ಕೆಲವು ಬರೀ ಅಲರ್ಜಿ ಮತ್ತು ಉಬ್ಬಸಕ್ಕೆ ಮೀಸಲು. ಹೆಚ್ಚಿನವು ನೂರೆಂಟು ಕಾಯಿಲೆಗಳ ಪ್ಯಾಕೇಜಿನೊಳಗೆ ಉಬ್ಬಸಕ್ಕೂ ಒಂದೆರಡು ಪುಟ ಕೊಡುತ್ತವೆ. ಬೆಲೆ ಸಾವಿರಗಳಲ್ಲಿ. ಇಲ್ಲಿ ಬರೆದಿರುವುದು ಯಾವುದೋ ಒಂದು ಕಂಪನಿಯ ಹೆಸರು ಹಿಡಿದಲ್ಲ. ಒಳಗಿನ ತಂತ್ರ, ವರದಿಯ ಧಾಟಿ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಅಚ್ಚಿನದು, ಹಾಗಾಗಿ ಈ ಬಗೆಯ ಸೇವೆಯನ್ನೇ ಒಟ್ಟಾಗಿ ತೂಗಿದ್ದೇವೆ.

ಅಂಕ ಮೊದಲೇ ಹೇಳಿಬಿಡುತ್ತೇವೆ: ಐದಕ್ಕೆ ಎರಡು. ಆ ಎರಡೂ ಪ್ರಯೋಗಾಲಯದ ಕೆಲಸಕ್ಕೆ. ವರದಿಗೆ ಸೊನ್ನೆ ಕೊಡಲು ಮನಸ್ಸು ಬಾರದಿದ್ದರೂ ಕೊಡಬೇಕಾಗಿದೆ, ಏಕೆಂದರೆ ಅದು ಮಗುವಿನ ಜೀನ್ ಓದಿ ಮಗು ಬೆಳೆಯುತ್ತಿರುವ ಮನೆಯ ಬಗ್ಗೆ ಒಂದೂ ಪ್ರಶ್ನೆ ಕೇಳುವುದಿಲ್ಲ. ಉಬ್ಬಸದ ವಿಷಯದಲ್ಲಿ ಮನೆಯನ್ನು ಬಿಟ್ಟು ಜೀನ್‌ಗೆ ಅರ್ಥ ಹೇಳಲು ಬರುವುದಿಲ್ಲ.

ಮೊದಲು ಡಬ್ಬಿ. ಒಳಗೆ ಒಂದು ಪ್ಲಾಸ್ಟಿಕ್ ಕೊಳವೆ, ಅದರ ಬಾಯಿಗೆ ಆಲಿಕೆ, ಮುಚ್ಚಳದಲ್ಲಿ ಬಂದಿಯಾಗಿರುವ ದ್ರಾವಣ, ಬಾರ್‌ಕೋಡ್ ಚೀಟಿ, ಒಪ್ಪಿಗೆ ಪತ್ರ, ವಾಪಸು ಕಳಿಸುವ ಕೊರಿಯರ್ ಕವರ್. ಸಾಮಾನ್ಯವಾಗಿ 2 ಮಿ.ಲೀ. ಎಂಜಲು ಬೇಕು. ಗೆರೆಯವರೆಗೆ ನೊರೆ ಬಂದರೆ ಲೆಕ್ಕಕ್ಕಿಲ್ಲ, ದ್ರವವೇ ಗೆರೆ ಮುಟ್ಟಬೇಕು. ಅದಕ್ಕೂ ಮುಂಚೆ ಅರ್ಧ ಗಂಟೆ ಮಗು ಏನನ್ನೂ ತಿನ್ನಬಾರದು, ಕುಡಿಯಬಾರದು, ಹಲ್ಲುಜ್ಜಬಾರದು. ಬಾಯಿ ಒಣಗಿದ್ದರೆ ಕೆನ್ನೆಯನ್ನು ಹೊರಗಿನಿಂದ ಮೆಲ್ಲಗೆ ಉಜ್ಜಿ. ಹುಣಸೆಹಣ್ಣು ಕಣ್ಣೆದುರು ಹಿಡಿದರೂ ಬಾಯಲ್ಲಿ ನೀರೂರುತ್ತದೆ, ಆದರೆ ನಾಲಿಗೆಗೆ ತಾಗಿಸಬೇಡಿ. ಮುಚ್ಚಳ ಬಿಗಿಯಾಗಿ ತಿರುಗಿಸಿದಾಗ ದ್ರಾವಣ ಕೆಳಗಿಳಿಯಬೇಕು. ಇಳಿದ ಮೇಲೆ ಕೊಳವೆಯನ್ನು ಚೆನ್ನಾಗಿ ಅಲುಗಾಡಿಸಬೇಕು. ಆ ದ್ರಾವಣ ಜೀವಕೋಶ ಒಡೆದು ಡಿಎನ್‌ಎ ಹೊರತೆಗೆಯುತ್ತದೆ, ಎಂಜಲಿನಲ್ಲಿರುವ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆ. ಇದರಿಂದಾಗಿಯೇ ಫ್ರಿಜ್ಜಿನಲ್ಲಿಡುವ ಅಗತ್ಯವಿಲ್ಲ, ಕೊರಿಯರ್ ಒಂದೆರಡು ದಿನ ತಡವಾದರೂ ಕೆಡುವುದಿಲ್ಲ. ಅಲುಗಾಡಿಸದೆ ಕಳಿಸಿದ ಕೊಳವೆಯಲ್ಲಿ ಮೇಲೆ ಎಂಜಲು, ಕೆಳಗೆ ದ್ರಾವಣ ಎಂದು ಬೇರೆಬೇರೆಯಾಗಿ ನಿಂತು ಮಾದರಿ ಹಾಳಾಗುತ್ತದೆ.

ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಉಗುಳಲು ಬರುವುದಿಲ್ಲ. ಅವರಿಗೆ ತುದಿಯಲ್ಲಿ ಸ್ಪಂಜು ಅಥವಾ ಹತ್ತಿಯಿರುವ ಕಡ್ಡಿ ಕೊಡುವ ಕಿಟ್ ಬೇಕು, ಆರ್ಡರ್ ಮಾಡುವಾಗಲೇ ಕೇಳಿ. ಕಡ್ಡಿಯನ್ನು ನಾಲಿಗೆ ಮೇಲೆ ಆಡಿಸಿದರೆ ಸಾಲದು. ಕೆಳಗಿನ ವಸಡಿಗೂ ಕೆನ್ನೆಗೂ ನಡುವಿನ ಸಂದಿನಲ್ಲಿ ಎರಡೂ ಬದಿ ಉಜ್ಜಬೇಕು. ಎದೆಹಾಲು ಕುಡಿಯುವ ಕೂಸಾದರೆ ಇನ್ನೊಂದು ತೊಡಕಿದೆ. ಹಾಲಿನಲ್ಲಿ ತಾಯಿಯ ಜೀವಕೋಶಗಳು ಇರುತ್ತವೆ. ಹಾಲು ಕುಡಿಸಿದ ಕೂಡಲೇ ಮಾದರಿ ತೆಗೆದರೆ ತಾಯಿ ಮಗು ಇಬ್ಬರ ಡಿಎನ್‌ಎ ಬೆರೆತು ಹೋಗುತ್ತದೆ. ಕಿಟ್‌ನಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ಬಾಯಿ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಅಣ್ಣತಮ್ಮಂದಿರ ಮಾದರಿ ಒಟ್ಟಿಗೆ ಕಳಿಸುವಾಗ ಬಾರ್‌ಕೋಡ್ ಅದಲುಬದಲಾಗುವುದು ಆಗಾಗ ನಡೆಯುವ ಎಡವಟ್ಟು. ಒಬ್ಬನದು ಮುಚ್ಚಿ, ಚೀಟಿ ಅಂಟಿಸಿ, ಆಪ್‌ನಲ್ಲಿ ಹೆಸರು ನೋಂದಾಯಿಸಿದ ಮೇಲೇ ಇನ್ನೊಬ್ಬನ ಡಬ್ಬಿ ತೆರೆಯುವುದು ಒಳ್ಳೆಯದು. ಡಿಎನ್‌ಎ ಸಾಲದು ಎಂದು ಲ್ಯಾಬಿನವರು ವಾಪಸು ಹೇಳಿದರೆ ಎರಡನೇ ಕಿಟ್ ಉಚಿತವೇ ಎಂದು ದುಡ್ಡು ಕಟ್ಟುವ ಮೊದಲೇ ಖಾತ್ರಿ ಮಾಡಿಕೊಳ್ಳಿ.

ಲ್ಯಾಬಿನ ಒಳಗೆ ನಡೆಯುವುದು ಚಿಪ್ ಓದುವ ಕೆಲಸ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಚಿಪ್ ಅದರಲ್ಲಿ ಆರಿಸಿದ ಕೆಲವು ಲಕ್ಷ ಜಾಗಗಳನ್ನಷ್ಟೇ ನೋಡುತ್ತದೆ. ಜನರಲ್ಲಿ ಸಾಮಾನ್ಯವಾಗಿ ಕಾಣುವ ವ್ಯತ್ಯಾಸಗಳನ್ನು ಓದುವಾಗ ತಪ್ಪು ತೀರಾ ಕಡಿಮೆ. ನಾವು ಕೊಟ್ಟ ಎರಡು ಅಂಕ ಇದಕ್ಕೆ. ಅಪರೂಪದ ವ್ಯತ್ಯಾಸಗಳ ಮಾತು ಬೇರೆ: ಗ್ರಾಹಕರಿಗೆ ನೇರವಾಗಿ ಮಾರುವ ಪರೀಕ್ಷೆಗಳ ಕಚ್ಚಾ ದತ್ತಾಂಶದಲ್ಲಿ ಕಂಡುಬಂದ ಇಂಥ ವ್ಯತ್ಯಾಸಗಳನ್ನು ಅಮೆರಿಕದ ಕ್ಲಿನಿಕಲ್ ಲ್ಯಾಬ್ ಒಂದು ಮರುಪರೀಕ್ಷೆ ಮಾಡಿದಾಗ ನೂರಕ್ಕೆ 40 ಸುಳ್ಳಾಗಿದ್ದವು, ಆ ವರದಿ ಪ್ರಕಟವಾದದ್ದು 2018ರಲ್ಲಿ. ಕಚ್ಚಾ ಫೈಲ್ ಇಳಿಸಿಕೊಂಡು ಬೇರೆ ವೆಬ್‌ಸೈಟಿಗೆ ಹಾಕಿ ಹೊಸ ಹೊಸ ಕಾಯಿಲೆ ಹುಡುಕುವ ಚಾಳಿ ಇರುವವರು ಇದನ್ನು ಗಮನದಲ್ಲಿಡಿ.

ಈಗ ವರದಿ. ಉಬ್ಬಸದ ಪುಟ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಹಸಿರು, ಹಳದಿ, ಕೆಂಪಿನ ಒಂದು ಮಾಪಕ. ಅದರ ಕೆಳಗೆ ಜೀನ್‌ಗಳ ಪಟ್ಟಿ. ಪಟ್ಟಿಯಲ್ಲಿ ಓಆರ್‌ಎಂಡಿಎಲ್3, ಜಿಎಸ್‌ಡಿಎಂಬಿ ಎಂಬ ಹೆಸರುಗಳಿದ್ದರೆ ಸರಿಯಾದ ದಾರಿಯಲ್ಲೇ ಇದ್ದಾರೆ ಎಂದುಕೊಳ್ಳಬಹುದು. 17ನೇ ಕ್ರೋಮೋಸೋಮಿನ ಮೇಲಿನ ಈ ತಾಣವನ್ನು ಮಕ್ಕಳ ಉಬ್ಬಸದೊಂದಿಗೆ ತಳಕುಹಾಕಿದ್ದು 2007ರ ಅಧ್ಯಯನ. ಆಮೇಲೆ ಮತ್ತೆ ಮತ್ತೆ, ಬೇರೆ ಬೇರೆ ದೇಶಗಳಲ್ಲಿ ಅದೇ ಫಲಿತಾಂಶ ಬಂದಿದೆ. ದೊಡ್ಡವರಾದ ಮೇಲೆ ಶುರುವಾಗುವ ಉಬ್ಬಸಕ್ಕಿಂತ ಬಾಲ್ಯದಲ್ಲೇ ಶುರುವಾಗುವುದರ ಜೊತೆ ಇದರ ನಂಟು ಗಟ್ಟಿ. ಐಎಲ್33, ಐಎಲ್1ಆರ್‌ಎಲ್1, ಟಿಎಸ್‌ಎಲ್‌ಪಿ ಕೂಡ ಗಟ್ಟಿ ಹೆಸರುಗಳೇ: ಉಸಿರುಕೊಳವೆಯ ಒಳಪದರಕ್ಕೆ ಏಟು ಬಿದ್ದಾಗ ದೇಹದ ರಕ್ಷಣಾ ಪಡೆಗೆ ಕೂಗು ಹಾಕುವ, ಆ ಕೂಗನ್ನು ಕೇಳಿಸಿಕೊಳ್ಳುವ ಕೆಲಸ ಇವುಗಳದ್ದು. ಸಿಡಿಎಚ್‌ಆರ್3 ಎಂದಿದ್ದರೆ ಅದು ನೆಗಡಿ ತರುವ ರೈನೋವೈರಸ್‌ನ ಸಿ ಗುಂಪು ಜೀವಕೋಶದೊಳಗೆ ನುಗ್ಗಲು ಬಳಸುವ ಬಾಗಿಲು. ಅದರಲ್ಲಿನ ಒಂದು ಅಕ್ಷರ ವ್ಯತ್ಯಾಸವಿರುವ ಮಕ್ಕಳು ಚಿಕ್ಕಂದಿನಲ್ಲಿ ತೀವ್ರ ಉಬ್ಬಸದಿಂದ ಆಸ್ಪತ್ರೆ ಸೇರುವುದು ಹೆಚ್ಚು ಎಂದು 2014ರಲ್ಲಿ ಡೆನ್ಮಾರ್ಕಿನ ಸಂಶೋಧಕರು ತೋರಿಸಿದರು.

ಪಟ್ಟಿಯ ತಲೆಯಲ್ಲೇ ಎಡಿಎಎಂ33 ಕೂತಿದ್ದರೆ ಸ್ವಲ್ಪ ಅನುಮಾನದಿಂದ ನೋಡಿ. 2002ರಲ್ಲಿ ಬಹಳ ಸದ್ದು ಮಾಡಿದ ಜೀನ್ ಅದು. ಮುಂದೆ ಸಾವಿರಾರು ಜನರನ್ನಿಟ್ಟುಕೊಂಡು ಇಡೀ ಜೀನೋಮ್ ಜಾಲಾಡಿದ ದೊಡ್ಡ ಅಧ್ಯಯನಗಳಲ್ಲಿ ಅದರ ಗುರುತು ಮಂಕಾಯಿತು. ಅದಕ್ಕೇ ಮೊದಲ ಸ್ಥಾನ ಕೊಟ್ಟಿರುವ ವರದಿಯ ಹಿಂದಿನ ಪಟ್ಟಿ ಹಳೆಯದು. ಫಿಲಾಗ್ರಿನ್ ಜೀನ್ ಬಗ್ಗೆ ಇನ್ನೊಂದು ಎಚ್ಚರಿಕೆ. ಚರ್ಮದ ಹೊರಪದರ ಕಟ್ಟುವ ಈ ಜೀನ್ ಮುರಿದಿದ್ದರೆ ಎಕ್ಸಿಮಾ ಎಂಬ ತುರಿಕೆಯ ಚರ್ಮರೋಗ ಬರುವ ಸಾಧ್ಯತೆ ಹೆಚ್ಚು, ಎಕ್ಸಿಮಾದ ಬೆನ್ನಿಗೆ ಉಬ್ಬಸ. ಆದರೆ ಚಿಪ್‌ಗಳು ಹುಡುಕುವ ಹೆಸರುವಾಸಿ ಮುರಿತಗಳು ಯುರೋಪಿನವರಲ್ಲಿ ಸಾಮಾನ್ಯ, ನಮ್ಮವರಲ್ಲಿ ಅಪರೂಪ. ನಮ್ಮವರಲ್ಲಿ ಅದೇ ಜೀನ್ ಬೇರೆ ಜಾಗದಲ್ಲಿ ಮುರಿದಿರಬಹುದು. ಆದ್ದರಿಂದ ಚಿಂತಾಮಣಿಯ ಮಗುವಿನ ವರದಿಯಲ್ಲಿ ‘ಫಿಲಾಗ್ರಿನ್: ನಾರ್ಮಲ್’ ಎಂದು ಬಂದರೆ, ಯುರೋಪಿನವರ ಮುರಿತ ಈ ಮಗುವಿಗಿಲ್ಲ ಎಂದಷ್ಟೇ ತಿಳಿಯಬೇಕು. ಒಟ್ಟು ಅಂಕ ಕೂಡಿಸುವ ಪಾಲಿಜೆನಿಕ್ ಸ್ಕೋರ್‌ನದ್ದೂ ಇದೇ ಪಾಡು. ಅದರ ತಕ್ಕಡಿಕಲ್ಲುಗಳು ಬಹುಮಟ್ಟಿಗೆ ಯುರೋಪು ಮೂಲದ ಜನರ ದತ್ತಾಂಶದಿಂದ ಬಂದವು. ವರದಿಯಲ್ಲಿ ಭಾರತೀಯರ ಯಾವ ಗುಂಪಿನ ಜೊತೆ ಹೋಲಿಸಿದ್ದಾರೆ ಎಂದು ಬರೆದಿಲ್ಲದಿದ್ದರೆ ಶೇಕಡಾವಾರು ಅಂಕಿಗೆ ಬೆಲೆ ಕಟ್ಟುವುದು ಕಷ್ಟ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ‘1.4 ಪಟ್ಟು ಹೆಚ್ಚಿನ ಅಪಾಯ’ ಎಂಬ ಸಾಲಿನಲ್ಲಿ. ಲೆಕ್ಕ ಹಾಕಿ ನೋಡೋಣ. ನೂರು ಮಕ್ಕಳಲ್ಲಿ ಎಂಟು ಮಕ್ಕಳಿಗೆ ಉಬ್ಬಸ ಬರುತ್ತದೆ ಎಂದಿಟ್ಟುಕೊಳ್ಳಿ. 1.4 ಪಟ್ಟು ಎಂದರೆ ಹನ್ನೊಂದು. ಅಂದರೆ ಕೆಂಪು ಬಣ್ಣ ಬಂದ ನೂರು ಮಕ್ಕಳಲ್ಲಿ 89 ಮಕ್ಕಳಿಗೆ ಉಬ್ಬಸ ಬರುವುದೇ ಇಲ್ಲ. ಹಸಿರು ಬಂದವರಲ್ಲೂ ಏಳೆಂಟು ಮಕ್ಕಳಿಗೆ ಬಂದೇ ಬರುತ್ತದೆ. 17ನೇ ಕ್ರೋಮೋಸೋಮಿನ ಆ ‘ಅಪಾಯದ ಅಕ್ಷರ’ ಜನರಲ್ಲಿ ಎಷ್ಟು ಸಾಮಾನ್ಯ ಎಂದರೆ ಅದರ ಒಂದು ಪ್ರತಿಯಾದರೂ ಇರುವವರೇ ಹೆಚ್ಚು. ಹಾಗಾದರೆ ಉಬ್ಬಸ ವಂಶದಲ್ಲಿ ಹರಿಯುವುದಿಲ್ಲವೇ? ಹರಿಯುತ್ತದೆ, ಅನುಮಾನವೇ ಬೇಡ. ಅವಳಿಗಳ ಅಧ್ಯಯನಗಳು ಉಬ್ಬಸದಲ್ಲಿ ವಂಶದ ಪಾಲು ಅರ್ಧಕ್ಕೂ ಮೇಲೆಂದು ಅಂದಾಜಿಸುತ್ತವೆ. ಆದರೆ ಆ ಪಾಲು ನೂರಾರು ಸಣ್ಣಪುಟ್ಟ ವ್ಯತ್ಯಾಸಗಳಲ್ಲಿ ಚದುರಿದೆ. ಈಗ ಗೊತ್ತಿರುವವನ್ನೆಲ್ಲ ಕೂಡಿಸಿದರೂ ಅಂದಾಜು ಪೂರಾ ಆಗುವುದಿಲ್ಲ. ಜೀನ್ ಪೂರ್ತಿ ಒಂದೇ ಆಗಿರುವ ಅವಳಿಗಳಲ್ಲೂ ಒಬ್ಬನಿಗೆ ಉಬ್ಬಸವಿದ್ದು ಇನ್ನೊಬ್ಬ ಆರಾಮಾಗಿರುವುದುಂಟು.

ಇನ್ನು ಮನೆಯ ಮಾತು. ವರದಿ ಎಡವಿರುವುದು ಇಲ್ಲಿ, ಸ್ವಲ್ಪ ನಿಧಾನವಾಗಿಯೇ ನೋಡಬೇಕು.

2008ರಲ್ಲಿ ಫ್ರಾನ್ಸಿನ ಕುಟುಂಬಗಳ ಅಧ್ಯಯನವೊಂದು 17ನೇ ಕ್ರೋಮೋಸೋಮಿನ ಅದೇ ತಾಣವನ್ನು ನೋಡಿತು. ಎಳವೆಯಲ್ಲೇ ಮನೆಯೊಳಗೆ ಬೀಡಿ ಸಿಗರೇಟಿನ ಹೊಗೆ ಕುಡಿದ ಮಕ್ಕಳಲ್ಲಿ ಆ ಅಕ್ಷರದ ಪರಿಣಾಮ ಎದ್ದು ಕಂಡಿತು. 2013ರಲ್ಲಿ ಅಮೆರಿಕ ಮತ್ತು ಡೆನ್ಮಾರ್ಕಿನ ಮಕ್ಕಳನ್ನು ಹುಟ್ಟಿದಾಗಿನಿಂದ ಹಿಂಬಾಲಿಸಿದ ಅಧ್ಯಯನ ಇನ್ನೊಂದು ತಿರುವು ತೋರಿಸಿತು: ಆ ಅಕ್ಷರ ಉಬ್ಬಸದ ಕಡೆ ತಳ್ಳಿದ್ದು ಮೊದಲ ಮೂರು ವರ್ಷದಲ್ಲಿ ರೈನೋವೈರಸ್ ನೆಗಡಿ ಬಂದು ಎದೆ ಸಿಳ್ಳೆ ಹಾಕಿದ್ದ ಮಕ್ಕಳನ್ನು. 2016ರ ವರದಿಯಂತೂ ಕೆಂಪು ಬಣ್ಣದ ಮಾಪಕವನ್ನೇ ತಲೆಕೆಳಗು ಮಾಡುತ್ತದೆ. ಯುರೋಪಿನ ಹಳ್ಳಿಗಾಡಿನ ಕೃಷಿಕರ ಮಕ್ಕಳಲ್ಲಿ, ‘ಅಪಾಯದ’ ಅಕ್ಷರ ಹೊತ್ತವರೇ ದನದ ಕೊಟ್ಟಿಗೆಯ ಒಡನಾಟದಿಂದ ಹೆಚ್ಚು ಲಾಭ ಪಡೆದಿದ್ದರು. ಅವರ ಎದೆಯ ಸಿಳ್ಳೆ ಕಡಿಮೆಯಾಗಿತ್ತು. ಒಂದೇ ಅಕ್ಷರ ಹೊಗೆಯ ಮನೆಯಲ್ಲಿ ಒಂದು ಕೆಲಸ, ಕೊಟ್ಟಿಗೆಯ ಮನೆಯಲ್ಲಿ ಇನ್ನೊಂದು ಕೆಲಸ ಮಾಡುತ್ತದೆ. ಹಾಗೆಂದು ಈಗಾಗಲೇ ಉಬ್ಬಸವಿರುವ ಮಗುವನ್ನು ಔಷಧಿ ಬಿಡಿಸಿ ಕೊಟ್ಟಿಗೆಯಲ್ಲಿ ಕೂರಿಸಲು ಹೋಗಬೇಡಿ. ಅಲ್ಲಿ ಕಂಡದ್ದು ಎಳವೆಯಿಂದಲೇ ಅದರ ನಡುವೆ ಬೆಳೆದವರ ಲಾಭ.

ಈಗ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಮನೆಗಳನ್ನು ನೆನೆಸಿಕೊಳ್ಳಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಬಿಚ್ಚಾಣಿಕೆ ಮನೆಗಳಲ್ಲಿ ಗೂಡು ಬೇಯಿಸುವ ಒಲೆಗೆ ಸೌದೆ, ಕಡಲೆಸಿಪ್ಪೆ, ಮರದ ಹೊಟ್ಟು ಸುರಿಯುತ್ತಾರೆ. ಹಬೆ, ಹೊಗೆ, ಹುಳದ ವಾಸನೆ ಎಲ್ಲ ಒಂದೇ ಸೂರಿನಡಿ. ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಮನೆಗಳಲ್ಲಿ ಪ್ರತಿ ಬೆಳೆಗೂ ಮುಂಚೆ ಹುಳು ಮನೆಗೆ ಬ್ಲೀಚಿಂಗ್ ಪುಡಿ, ಫಾರ್ಮಾಲಿನ್ ಅಥವಾ ಕ್ಲೋರಿನ್ ಡೈಆಕ್ಸೈಡ್ ದ್ರಾವಣ ಹೊಡೆಯುತ್ತಾರೆ, ಹುಳುಗಳ ಹಾಸಿಗೆಗೆ ಸುಣ್ಣದ ಪುಡಿ ಉದುರಿಸುತ್ತಾರೆ. ಉಸಿರುಕೊಳವೆಗೆ ಇವೆಲ್ಲ ನೇರವಾಗಿ ಉರಿ ತರುವಂಥವು. ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ಚಿಟ್ಟೆಯ ರೆಕ್ಕೆಯಿಂದ ಉದುರುವ ಹುಡಿ ಕೆಲಸಗಾರರಿಗೆ ಉಬ್ಬಸ ತರುವ ಅಲರ್ಜಿಕಾರಕ ಎಂಬುದು ವೈದ್ಯರಿಗೆ ಗೊತ್ತಿರುವ ವಿಷಯ. ಅದೇ ಬಟ್ಟೆಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿಕೊಂಡರೆ ಹುಡಿ ಮಗುವಿನ ಮೂಗಿಗೂ ಹೋಗುತ್ತದೆ. ದ್ರಾಕ್ಷಿ ತೋಟಕ್ಕೆ ಗಂಧಕ ಹೊಡೆಯುವ ದಿನ, ರಾಗಿ ಒಕ್ಕಣೆಯ ದೂಳು, ಜಲ್ಲಿ ಕ್ರಷರ್ ಪಕ್ಕದ ರಸ್ತೆ, ಖಾಲಿ ಸೈಟಿನ ತುಂಬ ಬೆಳೆದ ಕಾಂಗ್ರೆಸ್ ಗಿಡ, ಚಳಿಗಾಲದ ಬೆಳಗಿನ ಮಂಜು. ಕಿಟ್ ಜೊತೆ ಬರುವ ಪ್ರಶ್ನಾವಳಿಯಲ್ಲಿ ಇದರಲ್ಲಿ ಒಂದನ್ನಾದರೂ ಕೇಳಿದ್ದರೆ ಇನ್ನೊಂದು ಅಂಕ ಕೊಡುತ್ತಿದ್ದೆವು.

ಜೀನ್ ಒಂದೇ ಲೆಕ್ಕವಲ್ಲ ಎನ್ನಲು ಪಕ್ಕದ ಬೆಂಗಳೂರಿನ ಅಂಕಿಯೇ ಸಾಕು. ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಗಮನಿಸಿ ಪ್ರಕಟಿಸಿದ ಲೆಕ್ಕದಲ್ಲಿ 1979ರಲ್ಲಿ ಶೇ. 9 ಇದ್ದ ಉಬ್ಬಸ 1999ರ ಹೊತ್ತಿಗೆ ಶೇ. 29.5ಕ್ಕೆ ಏರಿತ್ತು. ಆಸ್ಪತ್ರೆಯ ಲೆಕ್ಕ ಊರಿನ ಲೆಕ್ಕವಲ್ಲ, ನಿಜ. ಆದರೂ ಇಪ್ಪತ್ತು ವರ್ಷದಲ್ಲಿ ಒಂದು ಊರಿನ ಜನರ ಜೀನ್ ಬದಲಾಗುವುದಿಲ್ಲ. ಬದಲಾದದ್ದು ಗಾಳಿ, ವಾಹನ, ಮನೆ, ಬದುಕಿನ ರೀತಿ.

ವರದಿಯಲ್ಲಿ ನಿಜಕ್ಕೂ ತೊಂದರೆ ಕೊಡಬಲ್ಲ ಪುಟ ಒಂದಿದೆ: ‘ಔಷಧಿಗೆ ಪ್ರತಿಕ್ರಿಯೆ’. ಎಡಿಆರ್‌ಬಿ2 ಎಂಬ ಜೀನ್ ಕಟ್ಟುವ ಪ್ರೋಟೀನಿನ 16ನೇ ಜಾಗದಲ್ಲಿ ಮಗುವಿಗೆ ಆರ್ಜಿನಿನ್ ಎಂಬ ಅಮೈನೋ ಆಮ್ಲ ಇದ್ದರೆ ಸಾಲ್ಬುಟಮಾಲ್ (ಆಸ್ತಾಲಿನ್ ಹೆಸರಲ್ಲಿ ಸಿಗುವ, ಉಸಿರುಕೊಳವೆ ಹಿಗ್ಗಿಸುವ ಔಷಧಿ) ಪರಿಣಾಮ ಕಡಿಮೆ ಎಂಬರ್ಥದ ಸಾಲು ಅಲ್ಲಿರುತ್ತದೆ. ಇದಕ್ಕೆ ಮೂಲವಾದ 2004ರ ಪ್ರಯೋಗ ನಡೆದದ್ದು ದೊಡ್ಡವರಲ್ಲಿ, ಅದೂ ಸಾಲ್ಬುಟಮಾಲನ್ನು ದಿನವೂ ಗಂಟೆ ಲೆಕ್ಕದಲ್ಲಿ ತೆಗೆದುಕೊಂಡಾಗ. ಉಸಿರುಕಟ್ಟಿದ ಹೊತ್ತಿಗೆ ಹೊಡೆದುಕೊಳ್ಳುವ ಪಫ್ ಕೆಲಸ ಮಾಡುವುದಿಲ್ಲ ಎಂದು ಅದು ಹೇಳಲೇ ಇಲ್ಲ. ಸ್ಟೀರಾಯ್ಡ್ ಜೊತೆ ಉಸಿರುಕೊಳವೆಯನ್ನು ಹೆಚ್ಚು ಹೊತ್ತು ಹಿಗ್ಗಿಸಿಡುವ ಔಷಧಿ ಸೇರಿಸಿ ಕೊಟ್ಟ 2009ರ ಪ್ರಯೋಗದಲ್ಲಿ ಎರಡೂ ಬಗೆಯ ಜೀನ್‌ನವರಿಗೆ ಉಪಯೋಗವಾಗಿತ್ತು. ಉಬ್ಬಸದ ಚಿಕಿತ್ಸಾ ಮಾರ್ಗಸೂಚಿಗಳು ಈ ಜೀನ್ ನೋಡಿ ಔಷಧಿ ಬರೆಯಿರಿ ಎನ್ನುವುದಿಲ್ಲ. ‘ನಮ್ಮ ಮಗುವಿಗೆ ಆಸ್ತಾಲಿನ್ ಆಗಿಬರಲ್ಲವಂತೆ’ ಎಂದು ಪಫ್ ಬದಿಗಿಟ್ಟರೆ ನಡುರಾತ್ರಿ ಅದರ ಬೆಲೆ ಗೊತ್ತಾಗುತ್ತದೆ. ಹಸಿರು ಮಾಪಕ ನೋಡಿ, ‘ಜೀನ್‌ನಲ್ಲೇ ಇಲ್ಲವಲ್ಲ’ ಎಂದು ದಿನನಿತ್ಯದ ಸ್ಟೀರಾಯ್ಡ್ ಪಫ್ ನಿಲ್ಲಿಸುವುದೂ ಅಷ್ಟೇ ಅಪಾಯ.

ಹಾಗಾದರೆ ಜೀನ್ ಪರೀಕ್ಷೆ ಬೇಕಾದ ಮಗು ಯಾವುದೂ ಇಲ್ಲವೇ? ಇದೆ, ಆದರೆ ಅದು ಈ ಕಿಟ್ ಅಲ್ಲ. ಹುಟ್ಟಿದಾಗಿನಿಂದ ಬಿಡದ ಹಸಿ ಕೆಮ್ಮು, ವರ್ಷವಿಡೀ ಸುರಿಯುವ ಮೂಗು, ತೂಕ ಏರದಿರುವುದು, ಎಣ್ಣೆಯಂಥ ಗಬ್ಬುವಾಸನೆಯ ಮಲ, ಬೆರಳ ತುದಿ ಉಬ್ಬಿ ಉಗುರು ಗುಮ್ಮಟದಂತಾಗುವುದು, ಮತ್ತೆ ಮತ್ತೆ ನ್ಯುಮೋನಿಯಾ: ಇಂಥ ಮಗುವಿನ ಎದೆಯ ಸಿಳ್ಳೆ ಉಬ್ಬಸದ್ದೇ ಎಂದು ಕೈತೊಳೆದುಕೊಳ್ಳುವಂತಿಲ್ಲ. ಕಫ ಗಟ್ಟಿಯಾಗಿ ಕಟ್ಟಿಕೊಳ್ಳುವ ಸಿಸ್ಟಿಕ್ ಫೈಬ್ರೋಸಿಸ್, ಉಸಿರುಕೊಳವೆಯ ಸೂಕ್ಷ್ಮ ರೋಮಗಳು ಆಡದ ಸಿಲಿಯರಿ ಕಾಯಿಲೆ, ಹುಟ್ಟಿನಿಂದ ಬರುವ ರೋಗನಿರೋಧಕ ಕೊರತೆ ಇವನ್ನು ನೋಡಬೇಕಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ಳುವಂಥವು. ಸೋದರಮಾವನನ್ನೇ ಮದುವೆಯಾಗುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಅಂಥ ದಂಪತಿಯ ಮಗುವಿನಲ್ಲಿ ಯಾವುದೇ ಜೀನ್‌ನ ಎರಡೂ ಪ್ರತಿ ಒಂದೇ ಪೂರ್ವಜರಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಅತ್ತೆ ಮಗಳು, ಮಾವನ ಮಗನಾದರೆ ಹದಿನಾರರಲ್ಲಿ ಒಂದು. ಸಾಮಾನ್ಯ ಉಬ್ಬಸಕ್ಕಿಂತ ಈ ಅಪರೂಪದ ಕಾಯಿಲೆಗಳಿಗೆ ಆ ಲೆಕ್ಕ ಮುಖ್ಯ. ಮಕ್ಕಳ ವೈದ್ಯರ ಚೀಟಿ ಹಿಡಿದು, ಸಿಸ್ಟಿಕ್ ಫೈಬ್ರೋಸಿಸ್ ಪತ್ತೆಗೆ ಬೆವರಿನ ಕ್ಲೋರೈಡ್ ಪರೀಕ್ಷೆ ಮಾಡಿಸಿ, ಆಮೇಲೆ ಬೇಕಿದ್ದರೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಜೆನೆಟಿಕ್ ಕೌನ್ಸೆಲಿಂಗ್ ಸಮೇತ ಪರೀಕ್ಷೆಗೆ ಹೋಗಬೇಕು. ಚಿಪ್ ಕಿಟ್‌ನ ‘ನೆಗೆಟಿವ್’ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ, ಏಕೆಂದರೆ ಅದು ಆ ಜೀನ್‌ಗಳನ್ನು ಪೂರ್ತಿ ಓದಿರುವುದೇ ಇಲ್ಲ.

ಉಳಿದವರಿಗೆ, ಕಿಟ್‌ಗಿಂತ ಹೆಚ್ಚು ಹೇಳುವ ಲೆಕ್ಕವೊಂದು ಪುಕ್ಕಟೆಯಾಗಿಯೇ ಇದೆ. ಅಮೆರಿಕದ ಟ್ಯೂಸಾನಿನ ಮಕ್ಕಳ ಅಧ್ಯಯನದಿಂದ 2000ದಲ್ಲಿ ಹೊರಬಂದ ಆಸ್ತಮಾ ಪ್ರಿಡಿಕ್ಟಿವ್ ಇಂಡೆಕ್ಸ್ ಅದು. ಮೂರು ವರ್ಷದೊಳಗೆ ಪದೇ ಪದೇ ಎದೆ ಸಿಳ್ಳೆ ಹಾಕುವ ಮಗುವಿಗೆ, ತಂದೆ ಅಥವಾ ತಾಯಿಗೆ ಉಬ್ಬಸ, ಇಲ್ಲವೇ ಮಗುವಿಗೇ ವೈದ್ಯರು ಹೇಳಿದ ಎಕ್ಸಿಮಾ ಇದ್ದರೆ ಒಂದೇ ಸಾಕು, ಇಂಡೆಕ್ಸ್ ಪಾಸಿಟಿವ್. ಅವೆರಡೂ ಇಲ್ಲದಿದ್ದರೆ ಅಲರ್ಜಿ ಮೂಗು, ನೆಗಡಿ ಇಲ್ಲದಾಗಲೂ ಸಿಳ್ಳೆ, ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಗೆಯ ಬಿಳಿ ರಕ್ತಕಣ ಶೇ. 4 ಅಥವಾ ಹೆಚ್ಚು ಎಂಬ ಮೂರರಲ್ಲಿ ಎರಡಿರಬೇಕು. ಇಯೋಸಿನೋಫಿಲ್ ಎಣಿಕೆ ಚಿಕ್ಕ ಊರಿನ ಲ್ಯಾಬಿನಲ್ಲೂ ಆಗುತ್ತದೆ. ಒಂದೇ ಎಚ್ಚರಿಕೆ: ಹೊಟ್ಟೆಹುಳ ಇದ್ದರೂ ಅದು ಏರುತ್ತದೆ, ಹಾಗಾಗಿ ಹುಳದ ಔಷಧಿ ಕೊಟ್ಟು ಎಷ್ಟು ದಿನವಾಯಿತು ಎಂದು ವೈದ್ಯರಿಗೆ ಹೇಳಿ. ಮನೆಯವರ ಚರಿತ್ರೆ ಕೇಳುವಾಗ ನಮ್ಮಲ್ಲಿ ಉಬ್ಬಸ ಎಂಬ ಮಾತನ್ನು ಜನ ಬೇಗ ಒಪ್ಪುವುದಿಲ್ಲ. ‘ಅಜ್ಜಿಗೆ ದಮ್ಮಿತ್ತಾ, ಅಪ್ಪನಿಗೆ ಚಿಕ್ಕವನಿದ್ದಾಗ ಎದೆ ಗೊರಗೊರ ಅಂತಿತ್ತಾ, ವರ್ಷಕ್ಕೊಂದು ಸಲ ಇಂಜೆಕ್ಷನ್‌ಗೆ ಹೋಗ್ತಿದ್ರಾ’ ಎಂದು ಕೇಳಿದರೆ ಉತ್ತರ ಬರುತ್ತದೆ.

ಕಿಟ್‌ಗೆ ತೆಗೆದಿಟ್ಟ ದುಡ್ಡಿನಲ್ಲಿ ಇನ್ನೇನು ಬರುತ್ತದೆ? ಪಫ್ ಡಬ್ಬಿಗೂ ಬಾಯಿಗೂ ನಡುವೆ ಹಿಡಿಯುವ ಒಂದು ಸ್ಪೇಸರ್, ಊದಿನ ವೇಗ ಅಳೆಯುವ ಒಂದು ಪೀಕ್ ಫ್ಲೋ ಮೀಟರ್, ಯಂತ್ರಕ್ಕೆ ಊದಿಸಿ ಶ್ವಾಸಕೋಶ ಪರೀಕ್ಷಿಸುವ ಒಂದು ಸ್ಪೈರೋಮೆಟ್ರಿ, ಆಮೇಲೂ ಮಿಗುತ್ತದೆ.

ಸ್ಪೇಸರ್ ಕೆಲವು ನೂರು ರೂಪಾಯಿ. ನಾಲ್ಕು ವರ್ಷದೊಳಗಿನವರಿಗೆ ಮಾಸ್ಕ್ ಇರುವುದು, ಮೇಲಿನವರಿಗೆ ಬಾಯಲ್ಲಿ ಕಚ್ಚಿ ಹಿಡಿಯುವುದು. ಹೊಸ ಪ್ಲಾಸ್ಟಿಕ್ಕಿನ ಒಳಗೋಡೆಗೆ ಸ್ಥಾಯೀ ವಿದ್ಯುತ್ತಿನಿಂದ ಔಷಧಿ ಅಂಟಿಕೊಂಡು ಮಗುವಿನ ಎದೆಗೆ ಇಳಿಯುವುದು ಕಡಿಮೆಯಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸದೆ ಹಾಗೇ ಆರಲು ಬಿಡಿ. ಒರೆಸಿದರೆ ಮತ್ತೆ ವಿದ್ಯುತ್ತು ಏಳುತ್ತದೆ. ಪಫ್ ಡಬ್ಬಿಯನ್ನು ಅಲುಗಾಡಿಸಿ ಒಂದು ಸಲಕ್ಕೆ ಒಂದೇ ಪಫ್ ಒತ್ತಿ, ಮಗು ಐದಾರು ಸಲ ಸಹಜವಾಗಿ ಉಸಿರಾಡಲಿ, ಅರ್ಧ ನಿಮಿಷ ಬಿಟ್ಟು ಮುಂದಿನದು. ಎರಡು ಮೂರು ಪಫ್ ಒಟ್ಟಿಗೆ ಒತ್ತಿದರೆ ಹನಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ದಪ್ಪವಾಗಿ ಗೋಡೆ ಸೇರುತ್ತವೆ. ಅಳುವ ಮಗುವಿನ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದರೆ ಔಷಧಿ ಒಳಗೆ ಹೋಗುವುದು ಅತಿ ಕಡಿಮೆ. ಸಮಾಧಾನ ಮಾಡಿ, ತೊಡೆ ಮೇಲೆ ಕೂರಿಸಿ ಕೊಡಿ. ಸ್ಟೀರಾಯ್ಡ್ ಪಫ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಸಬೇಕು, ಇಲ್ಲವಾದರೆ ನಾಲಿಗೆ ಮೇಲೆ ಬಿಳಿ ಬೂಷ್ಟು ಬರಬಹುದು. 200 ಪಫ್‌ನ ಡಬ್ಬಿ ಖಾಲಿಯಾಯಿತೇ ಎಂದು ನೀರಿನಲ್ಲಿ ತೇಲಿಸಿ ನೋಡುವುದು ನಂಬಲರ್ಹವಲ್ಲ. ಔಷಧಿ ಮುಗಿದರೂ ಗ್ಯಾಸ್ ಉಳಿದು ‘ಪಫ್’ ಎನ್ನುತ್ತಲೇ ಇರುತ್ತದೆ. ಕೌಂಟರ್ ಇರುವ ಡಬ್ಬಿ ಕೇಳಿ, ಇಲ್ಲದಿದ್ದರೆ ಕ್ಯಾಲೆಂಡರಿನಲ್ಲಿ ಲೆಕ್ಕವಿಡಿ.

ಪೀಕ್ ಫ್ಲೋ ಮೀಟರ್ ಐದಾರು ವರ್ಷ ದಾಟಿದ ಮಕ್ಕಳಿಗೆ. ದೊಡ್ಡವರದ್ದನ್ನು ಕೊಂಡರೆ ಮಗುವಿನ ಊದು ತಳದಲ್ಲೇ ನಿಂತು ಏರಿಳಿತ ಕಾಣುವುದಿಲ್ಲ, 400 ಲೀಟರ್ ಆಸುಪಾಸಿಗೆ ಮುಗಿಯುವ ಲೋ ರೇಂಜ್ ಮೀಟರ್ ಕೇಳಿ. ಮುಳ್ಳನ್ನು ಸೊನ್ನೆಗೆ ತಂದು, ನಿಂತುಕೊಂಡು, ಎದೆ ತುಂಬ ಉಸಿರೆಳೆದು ಒಂದೇ ಹೊಡೆತಕ್ಕೆ ಊದಬೇಕು. ಮೂರು ಸಲ ಊದಿಸಿ, ಹೆಚ್ಚು ಬಂದದ್ದನ್ನು ಬರೆಯಿರಿ, ಸರಾಸರಿ ತೆಗೆಯಬೇಡಿ. ಮಗು ಆರಾಮಾಗಿರುವ ಎರಡು ಮೂರು ವಾರ ಬೆಳಗ್ಗೆ ಸಂಜೆ ನೋಡಿದರೆ ಅದರ ‘ಉತ್ತಮ’ ಅಂಕಿ ಸಿಗುತ್ತದೆ. ಅದು 200 ಎಂದಾದರೆ 160ರ ಮೇಲೆ ನಿರಾಳ, 160ರಿಂದ 100ರ ನಡುವೆ ವೈದ್ಯರು ಬರೆದುಕೊಟ್ಟ ಯೋಜನೆಯಂತೆ ಔಷಧಿ, 100ರ ಕೆಳಗೆ ಪಫ್ ಕೊಡುತ್ತಲೇ ಆಸ್ಪತ್ರೆ. ಈ ಅಂಕಿಗಳನ್ನು ಒಂದು ಪುಸ್ತಕದಲ್ಲಿ ರೇಷ್ಮೆಯ ಒಂದು ಬೆಳೆಯ ಉದ್ದಕ್ಕೂ ಬರೆದರೆ ಜೀನ್ ವರದಿ ಹೇಳದ ಗುಟ್ಟು ತಾನಾಗಿ ಹೊರಬೀಳುತ್ತದೆ: ಹುಳು ಮನೆಗೆ ಔಷಧಿ ಹೊಡೆದ ಮರುದಿನ ಅಂಕಿ ಕುಸಿಯುತ್ತಿದೆಯೇ, ಬಿಚ್ಚಾಣಿಕೆ ರಜೆಯ ದಿನ ಏರುತ್ತಿದೆಯೇ, ಅಜ್ಜಿಯ ಊರಿಗೆ ಹೋದಾಗ ಸರಿಹೋಗುತ್ತಿದೆಯೇ. ಕಾರಣ ಸಿಕ್ಕಿದರೆ ಪರಿಹಾರ ಕೈಯಳತೆಯಲ್ಲೇ ಇರುತ್ತದೆ. ಔಷಧಿ ಹೊಡೆಯುವ ದಿನ ಮಗುವನ್ನು ಬೇರೆ ಮನೆಗೆ ಕಳಿಸಿ, ವಾಸನೆ ಪೂರ್ತಿ ಹೋದ ಮೇಲೆ ಕರೆತನ್ನಿ. ಹುಳು ಮನೆಯಿಂದ ಬಂದವರು ಕೈಕಾಲು ತೊಳೆದು ಬಟ್ಟೆ ಬದಲಿಸಲಿ. ಮಗುವಿನ ಹಾಸಿಗೆ ಒಲೆಯ ಗೋಡೆಗೆ ಆನಿಸಿದಂತಿರುವುದು ಬೇಡ.

ಸ್ಪೈರೋಮೆಟ್ರಿಗೆ ಹೋಗುವಾಗ ನಾಲ್ಕರಿಂದ ಆರು ಗಂಟೆ ಮುಂಚಿನಿಂದ ಸಾಲ್ಬುಟಮಾಲ್ ಕೊಡಬಾರದು. ಉಸಿರು ಕಟ್ಟಿದರೆ ಮಾತ್ರ ಪರೀಕ್ಷೆ ಪಕ್ಕಕ್ಕಿಟ್ಟು ಕೊಡಿ. ಮೊದಲು ಊದಿಸಿ, ಸಾಲ್ಬುಟಮಾಲ್ 4 ಪಫ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಶೇ. 12ಕ್ಕಿಂತ ಹೆಚ್ಚು ಏರಿದರೆ ಉಬ್ಬಸ ಎನ್ನಲು ಗಟ್ಟಿ ಆಧಾರ. ಏರದಿದ್ದ ಮಾತ್ರಕ್ಕೆ ಉಬ್ಬಸ ಇಲ್ಲವೆಂದಲ್ಲ, ಆರಾಮಾಗಿರುವ ದಿನ ಮಾಡಿಸಿದರೆ ನಾರ್ಮಲ್ ಬರುವುದು ಸಾಮಾನ್ಯ. ಮಕ್ಕಳಿಗೆ ಊದಿಸಿ ರೂಢಿಯಿರುವ ತಂತ್ರಜ್ಞರಿದ್ದಾರೆಯೇ ಎಂದು ಫೋನಿನಲ್ಲೇ ಕೇಳಿ. ಇಲ್ಲದಿದ್ದರೆ ಅರವತ್ತು ಕಿ.ಮೀ. ಆಸುಪಾಸಿನ ಬೆಂಗಳೂರಿಗೆ ಹೋಗುವುದೇ ಮೇಲು.

ಇಷ್ಟರ ಮೇಲೂ ಕಿಟ್ ಬೇಕೆನಿಸಿದರೆ ಒಪ್ಪಿಗೆ ಪತ್ರ ಓದದೆ ಸಹಿ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ 18 ವರ್ಷದೊಳಗಿನವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ನೀವು ಇಂದು ಒಪ್ಪುವುದು ಮಗು ದೊಡ್ಡವನಾದ ಮೇಲೂ ಉಳಿಯುವ ಮಾಹಿತಿಗೆ. ‘ಸಂಶೋಧನೆಗೆ ಬಳಸಬಹುದು’ ಎಂಬ ಚೌಕಕ್ಕೆ ಮೊದಲೇ ಟಿಕ್ ಬಿದ್ದಿದೆಯೇ ನೋಡಿ. ದೊಡ್ಡವರಾದ ಮೇಲೆ ಬರುವ ಕಾಯಿಲೆಗಳ ಪುಟಗಳನ್ನು ಮಗುವಿನ ವರದಿಯಿಂದ ಕೈಬಿಡಲು ಕೇಳಿ; ಆ ತೀರ್ಮಾನ ಮುಂದೆ ಮಗುವೇ ತೆಗೆದುಕೊಳ್ಳಲಿ. ಕುಟುಂಬದ ಹಲವರು ಒಟ್ಟಿಗೆ ಮಾಡಿಸಿದರೆ ರಕ್ತಸಂಬಂಧದ ವಿಷಯದಲ್ಲಿ ಯಾರೂ ಕೇಳದ ಉತ್ತರವೂ ಹೊರಬರಬಹುದು.

ವರದಿ ಈಗಾಗಲೇ ಕೈಯಲ್ಲಿದ್ದರೆ ಹರಿದು ಹಾಕುವುದೇನೂ ಬೇಡ. ಮಕ್ಕಳ ವೈದ್ಯರ ಬಳಿ ಹೋಗುವಾಗ ಪೀಕ್ ಫ್ಲೋ ಪುಸ್ತಕದ ಹಿಂದೆ ಇಟ್ಟು ಕೊಂಡೊಯ್ಯಿರಿ, ಔಷಧಿಯ ಪುಟಕ್ಕೆ ಗುರುತು ಹಾಕಿ ತೋರಿಸಿ, ಅದನ್ನು ನೋಡಿ ಮನೆಯಲ್ಲಿ ಯಾವುದಾದರೂ ಪಫ್ ನಿಲ್ಲಿಸಿದ್ದರೆ ಮುಚ್ಚಿಡದೆ ಹೇಳಿ.